ಸಾವಿರ ಬೀಡಿಯ ಕೂಲಿ

ದಕ್ಷಿಣ ಕನ್ನಡದ ಅನೇಕ ಹಳ್ಳಿಗಳಲ್ಲಿ ಮೊರವನ್ನು ಮಡಿಲಲ್ಲಿರಿಸಿಕೊಂಡು ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಕಾಣಸಿಗುತ್ತಾರೆ. ನೆನೆಸಿದ ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪಿನ ಪುಡಿಯನ್ನಿಟ್ಟು ಸುತ್ತಿ, ನೂಲಿನಿಂದ ಬಿಗಿಯುವ ಈ ಕೆಲಸದಲ್ಲಿ ಕೂಲಿಯನ್ನು ಎಣಿಸುವುದು ಗಂಟೆಗಳಿಂದಲ್ಲ, ಸಾವಿರ ಬೀಡಿಗಳ ಲೆಕ್ಕದಿಂದ. ಕೈ ಪಳಗಿದವರಿಗೂ ಸಾವಿರ ಕಟ್ಟಲು ಒಂದು ಹಗಲು ಬೇಕು. ಈ ಸಾವಿರಕ್ಕೆ ಎಷ್ಟು ಹಣ ಸಲ್ಲಬೇಕು?

ಇಬ್ಬರೂ ಒಪ್ಪಿದ್ದೇ ಕೂಲಿ ಎಂದು ಹೇಳುವುದು ಸುಲಭ. ಆದರೆ ಮನೆಯಲ್ಲಿ ಅಕ್ಕಿಯಿಲ್ಲದವಳು ಚೌಕಾಸಿ ಮಾಡಲಾರಳು. ಇದನ್ನು ಮನಗಂಡೇ 1948ರಲ್ಲಿ ಕನಿಷ್ಠ ವೇತನ ಕಾಯಿದೆಯನ್ನು ರಚಿಸಲಾಯಿತು. ಅದರ ಮೊದಲ ಪಟ್ಟಿಯಲ್ಲಿಯೇ ಬೀಡಿ ತಯಾರಿಕೆಯೂ ಸೇರಿತ್ತು. ಅದರ ಸ್ಥಾನದಲ್ಲಿ ಬರಲೆಂದು ಸಂಸತ್ತು 2019ರಲ್ಲಿ ವೇತನ ಸಂಹಿತೆಯನ್ನು ಅಂಗೀಕರಿಸಿತು.

ಕನಿಷ್ಠವೆಂದರೆ ಎಷ್ಟು ಎಂಬ ಪ್ರಶ್ನೆಗೆ 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ಉತ್ತರ ಕೊಟ್ಟಿತು. ದುಡಿಯುವವರೊಬ್ಬರ ಕೂಲಿಯಲ್ಲಿ ಮೂರು ಪ್ರೌಢರ ಊಟಕ್ಕೆ ಸಮನಾದ ಆಹಾರ, ತಲೆಗೆ ದಿನವೊಂದಕ್ಕೆ 2,700 ಕ್ಯಾಲೊರಿಯಂತೆ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಸೌದೆ, ದೀಪ ಮೊದಲಾದ ವೆಚ್ಚಗಳಿಗೆ ಕೂಲಿಯ ಶೇಕಡ 20 ಭಾಗ. ಇಷ್ಟೇ. ಮಕ್ಕಳ ಪಾಠಪುಸ್ತಕಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. ವಿದ್ಯಾಭ್ಯಾಸ, ಔಷಧ, ಹಬ್ಬ, ಮುಪ್ಪು ಮೊದಲಾದವುಗಳಿಗೆ ಇನ್ನೂ ಶೇಕಡ 25 ಭಾಗ ಸೇರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು 1991ರಲ್ಲಿ.

ಈ ಅಳತೆಯನ್ನು ಒಪ್ಪಿದ ಮೇಲೆ ಕೂಲಿಯ ಏರಿಕೆಯು ದಾನವಾಗಿ ಉಳಿಯುವುದಿಲ್ಲ. ಅಕ್ಕಿಯ ಬೆಲೆ ಏರಿ ಕೂಲಿ ಅಲ್ಲಿಯೇ ನಿಂತರೆ ಅದು ನಿಂತಂತೆ ಕಂಡರೂ ವಾಸ್ತವವಾಗಿ ಇಳಿದಿರುತ್ತದೆ. ತುಟ್ಟಿಭತ್ಯೆಯ ಏರ್ಪಾಡು ಹುಟ್ಟಿದ್ದು ಇದೇ ಕಾರಣಕ್ಕೆ.

ಕೂಲಿ ಹೆಚ್ಚಿದರೆ ಕೆಲಸವೇ ಊರು ಬಿಟ್ಟು ಹೋಗುವುದೆಂಬ ಆಕ್ಷೇಪವನ್ನು ಹುಸಿಯೆಂದು ತಳ್ಳಿಹಾಕುವಂತಿಲ್ಲ. ಬೀಡಿ ಕಾರ್ಮಿಕರ ಕೆಲಸದ ವೇಳೆ, ರಜೆ ಮುಂತಾದವುಗಳನ್ನು ಗೊತ್ತುಪಡಿಸುವ ಕಾಯಿದೆಯೊಂದು 1966ರಲ್ಲಿ ಬಂದಿತು. ಕೇರಳ ಸರ್ಕಾರವು ಅದನ್ನು ಜಾರಿಗೊಳಿಸಲು ಮುಂದಾದಾಗ, 1968ರಲ್ಲಿ, ಮಂಗಳೂರಿನ ಬೀಡಿ ಮಾಲೀಕರು ಕಣ್ಣೂರು ಪ್ರದೇಶದ ತಮ್ಮ ಕೆಲಸದ ಮನೆಗಳನ್ನು ಮುಚ್ಚಿಬಿಟ್ಟರು. ಸುಮಾರು 12,000 ಮಂದಿ ಬೀದಿಪಾಲಾದರು. ಆದರೆ ಅವರು ಕಡಿಮೆ ಕೂಲಿಗೆ ಮರಳಿ ಕೈಯೊಡ್ಡಲಿಲ್ಲ. 1969ರಲ್ಲಿ, ಸರ್ಕಾರದ ನೆರವಿನಿಂದ, ದಿನೇಶ್ ಬೀಡಿ ಎಂಬ ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಂಡರು. ಕಾಯಿದೆಯಂತೆ ಕೂಲಿ, ರಜೆಗಳನ್ನು ಕೊಟ್ಟೂ ಆ ಸಂಘ ದಶಕಗಳ ಕಾಲ ಬಾಳಿತು. ಬೀಡಿ ಸೇದುವವರು ಕಡಿಮೆಯಾದಾಗ ಕೊಡೆ, ತಿನಿಸುಗಳ ತಯಾರಿಕೆಗೂ ಕೈಹಾಕಿತು. ಬೀಡಿಯು ಆರೋಗ್ಯಕ್ಕೆ ಹಾನಿಕರವೆಂಬುದು ನಿಜ. ಆದರೆ ಅದನ್ನು ಕಟ್ಟಿದ ಬೆರಳುಗಳಿಗೆ ಸಲ್ಲಬೇಕಾದ ಕೂಲಿ ಆ ಕಾರಣದಿಂದ ಕಡಿಮೆಯಾಗದು.

ದರ ಏರಿದ ಮಾತ್ರಕ್ಕೆ ಕೈಸೇರುವ ಹಣವೂ ಏರುವುದೆಂಬ ಭರವಸೆಯಿಲ್ಲ. ಮಧ್ಯವರ್ತಿಯು ತೂಕದಲ್ಲಿ ಎಲೆಯನ್ನು ಕಡಿಮೆ ಕೊಟ್ಟರೆ ಕೊರತೆಯ ಎಲೆಯನ್ನು ಅವಳೇ ಕೊಳ್ಳಬೇಕು. ಕಟ್ಟಿದ ಬೀಡಿಗಳಲ್ಲಿ ಕೆಲವನ್ನು ಸರಿಯಿಲ್ಲವೆಂದು ಬದಿಗಿರಿಸಿದರೆ ಅವುಗಳಿಗೆ ಕೂಲಿಯಿಲ್ಲ. ಸರ್ಕಾರದ ಆದೇಶದಲ್ಲಿ ಹೆಚ್ಚಿದ್ದು ಹೀಗೆ ತಕ್ಕಡಿಯ ತಟ್ಟೆಯಲ್ಲಿ ಕರಗಿಹೋಗಬಹುದು. ಆದುದರಿಂದಲೇ ಕೊಟ್ಟ ಎಲೆ, ತಂದ ಬೀಡಿ, ಸಂದ ಹಣ ಮೂರನ್ನೂ ಬರೆದಿಡುವ ಪುಸ್ತಕ ಅವಳ ಕೈಯಲ್ಲಿರಬೇಕು. ಅಕ್ಷರ ಬಾರದ ತಾಯಿಗೆ ಸಂಜೆ ಶಾಲೆಯಿಂದ ಬಂದ ಮಗಳು ಅದನ್ನು ಓದಿ ಹೇಳಬಹುದು.