ಐನೂರನೇ ಚೀಟಿ

ತೊಗರಿ ಖರೀದಿಯ ಹಂಗಾಮಿನಲ್ಲಿ ಒಂದು ವರ್ಷ ಟೋಕನ್ ಚೀಟಿ ಮುದ್ರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದರಿಂದ ಐನೂರು, ಅಷ್ಟೇ. ಕಂಪ್ಯೂಟರಿನ ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ಸಾಲು ಕೊಡುವ ರೇಂಜ್‌ಗೆ 1 ಮತ್ತು 500 ಎಂದು ಕೊಟ್ಟೆ, ಪ್ರಿಂಟರ್ ಕಿರುಗುಟ್ಟಿತು, ಕಟ್ಟು ಒಪ್ಪಿಸಿ ನಮ್ಮೂರು ದಂಡೋತಿಗೆ ಬಂದು ಮಲಗಿದೆ. ಮರುದಿನ ಸಾಲಿನ ತುದಿಯಲ್ಲಿ ಒಬ್ಬ ಹಿರಿಯರು. ರಾತ್ರಿಯಿಡೀ ಟ್ರ್ಯಾಕ್ಟರ್ ಮೇಲೇ ಕಳೆದಿದ್ದರು. “ಎಲ್ಲಾರ್ದೂ ಅದ, ನಂದೇ ಎಲ್ಲದರೀ?” ಎಂದರು. ಚೀಟಿ 499ಕ್ಕೇ ಮುಗಿದಿತ್ತು.

ಮನೆಯಲ್ಲಿ ಹೇಳಿದರೆ ಅಪ್ಪ ನಗಲಿಲ್ಲ. ಹೊಲದ ಬದುವಿಗೆ ಶಹಾಬಾದ್ ಕಲ್ಲಿನ ಕಂಬ ನೆಡಿಸುತ್ತಿದ್ದ. “ನೂರಡಿ ಬದು, ಹತ್ತಡಿಗೊಂದು ಕಂಬ. ಎಷ್ಟ್ ಬೇಕು?” ಹತ್ತು ಎಂದೆ. “ಹನ್ನೊಂದು. ನೀ ಸಂದು ಎಣಸ್ದಿ, ಕಂಬ ಎಣಸ್ಲಿಲ್ಲ.”

ರೇಂಜ್‌ನ ಗುಟ್ಟೂ ಅದೇ. ಕೊನೆಯ ಸಂಖ್ಯೆಯನ್ನು ಅದು ಮುಟ್ಟುವುದಿಲ್ಲ. ಇದು ಹುಚ್ಚಾಟವಲ್ಲ, ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲೇ ಇದರ ಪರ ವಾದಿಸಿದ್ದ. ತುದಿಯಿಂದ ಮೊದಲನ್ನು ಕಳೆದರೆ ಎಣಿಕೆ ನೇರವಾಗಿ ಸಿಗುತ್ತದೆ. ಇವತ್ತಿನ ಸರಣಿ ಎಲ್ಲಿ ನಿಂತಿತೋ ನಾಳಿನದು ಅಲ್ಲಿಂದಲೇ ಶುರು, ಒಂದೂ ತಪ್ಪದು, ಒಂದೂ ಎರಡು ಸಲ ಬಾರದು. ವಾದ ಸರಿಯೇ. ಆದರೆ ಟ್ರ್ಯಾಕ್ಟರ್ ಮೇಲಿದ್ದ ಹಿರಿಯರಿಗೆ ಅದನ್ನು ಹೇಗೆ ಹೇಳಲಿ?

ಹಟಕ್ಕೆ ಬಿದ್ದು ನನ್ನದೇ ಒಂದು ಪುಟ್ಟ ಸಲಕರಣೆ ಬರೆದೆ: ಮೊದಲು, ತುದಿ, ಹೆಜ್ಜೆ, ತುದಿಯೂ ಸೇರಬೇಕೋ ಬೇಡವೋ ಎಂಬುದಕ್ಕೊಂದು ಗುಂಡಿ. ಪಟ್ಟಿಯನ್ನೆಲ್ಲ ಮೊದಲೇ ಕಟ್ಟಿಟ್ಟುಕೊಳ್ಳದೆ, ಕೇಳಿದಾಗ ಒಂದೊಂದೇ ಸಂಖ್ಯೆ ಕೊಡುವಂತೆ ಮಾಡಿದೆ. ಪೈಥಾನ್ 3ರ ರೇಂಜ್ ಕೂಡ ಹೀಗೆಯೇ. ಕೋಟಿ ಸಂಖ್ಯೆ ಕೇಳಿದರೂ ಅದು ಇಟ್ಟುಕೊಳ್ಳುವುದು ಮೊದಲು, ತುದಿ, ಹೆಜ್ಜೆ ಎಂಬ ಮೂರು ಸಂಗತಿಗಳನ್ನಷ್ಟೇ. ನನಗೆ ಬೇಕಿದ್ದುದು ಅದಕ್ಕೆ ಬಾರದ ದಶಮಾಂಶದ ಹೆಜ್ಜೆ.

ಅಲ್ಲೇ ಮತ್ತೆ ಎಡವಿದೆ. ಸೊನ್ನೆಯಿಂದ ಒಂದರವರೆಗೆ, ಒಂದನ್ನು ಬಿಟ್ಟು, 0.1ರ ಹೆಜ್ಜೆಯಲ್ಲಿ ದರಪಟ್ಟಿ. ಹತ್ತು ಸಾಲು ಬರಬೇಕು, ಹನ್ನೊಂದು ಬಂದವು. ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ 0.1 ಸರಿಯಾಗಿ ಕೂಡುವುದಿಲ್ಲ. ಹತ್ತು ಸಲ ಕೂಡಿಸಿದರೆ ಒಂದಾಗದೆ 0.9999999999999999 ಆಗುತ್ತದೆ. ಒಂದಕ್ಕಿಂತ ಕೂದಲೆಳೆ ಕಡಿಮೆ, ಹಾಗಾಗಿ ಅದೂ ಒಳಗೆ ನುಗ್ಗಿತು. ಮೊದಲ ಸಲ ಒಂದು ಕಡಿಮೆ, ಈಗ ಒಂದು ಹೆಚ್ಚು. ಹೆಜ್ಜೆ ಸೊನ್ನೆ ಕೊಟ್ಟು ನೋಡಿದೆ. ಲ್ಯಾಪ್‌ಟಾಪ್ ತಿರುಗುತ್ತಲೇ ಇತ್ತು, ಬ್ಯಾಟರಿ ಮುಗಿಯುವವರೆಗೆ.

ದಾರಿ ತೋರಿಸಿದ್ದು ನಮ್ಮ ಕಾಗಿಣಾ ದಂಡೆಯೇ ಎನ್ನಬೇಕು. ಇದೇ ಹೊಳೆಯ ಮೇಲಿನ ಮಳಖೇಡದಿಂದ ಆಳಿದ ಅಮೋಘವರ್ಷನನ್ನು ಹೊಗಳಿ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಶ್ರೇಢಿಗೆ ಮೂರು ಮಾತು: ಆದಿ, ಚಯ, ಗಚ್ಛ. ಆದಿ ಎಂದರೆ ಮೊದಲ ಪದ, ಚಯ ಎಂದರೆ ಹೆಜ್ಜೆ. ಗಚ್ಛ ಎಂದರೆ ತುದಿ ಎಂದುಕೊಂಡಿದ್ದೆ. ಅಲ್ಲ, ಅದು ಪದಗಳ ಎಣಿಕೆ! ತುದಿಯನ್ನು ಕೇಳುವುದೇ ಇಲ್ಲ, ಅದು ಲೆಕ್ಕದಿಂದ ತಾನಾಗಿ ಬರುತ್ತದೆ. (ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಆಚಾರ್ಯನೂ ಎಡವಿದ್ದ. ಸೊನ್ನೆ ಯಾರನ್ನೂ ಬಿಟ್ಟಿಲ್ಲ.)

ಸಲಕರಣೆಯನ್ನು ಹಾಗೆಯೇ ತಿದ್ದಿದೆ. ಕೂಡಿಸುತ್ತ ಹೋಗುವುದನ್ನು ಬಿಟ್ಟು, ಪ್ರತಿ ಸಲವೂ ಆದಿಗೆ ಚಯದ ಇಷ್ಟು ಪಟ್ಟು ಸೇರಿಸಿದೆ. ಗಚ್ಛ ಹತ್ತಾದರೆ ಸಾಲು ಹತ್ತೇ. ಕೊನೆಯ ಅಂಕಿಯಲ್ಲಿ ಧೂಳು ಉಳಿದರೂ ಉಳಿಯಲಿ, ಸಾಲು ಹೆಚ್ಚುಕಡಿಮೆ ಆಗದು. ಚಯ ಸೊನ್ನೆಯಾದರೂ ಯಂತ್ರ ಒದ್ದಾಡದು, ಅದೇ ಸಂಖ್ಯೆಯನ್ನು ಹತ್ತು ಸಲ ಹೇಳಿ ಸುಮ್ಮನಾಗುತ್ತದೆ.

ಈಗ ಚೀಟಿ ಮುದ್ರಿಸುವ ಮೊದಲು ಆದಿ 1, ಚಯ 1, ಗಚ್ಛ 500 ಎಂದು ಬರೆಯುತ್ತೇನೆ. ಆದರೂ ಕಟ್ಟು ಒಪ್ಪಿಸುವಾಗ ಕೊನೆಯ ಚೀಟಿಯನ್ನು ಎಳೆದು ನೋಡುತ್ತೇನೆ.