ಬೀಟಲ್ಸ್ ವಾದ್ಯಗೋಷ್ಠಿಯ ಚೊಚ್ಚಲ ಧ್ವನಿಮುದ್ರಿಕೆ: ಒಂದು ಪರಿಶೀಲನೆ

ಲಘುಸಂಗೀತವು ಅಧ್ಯಯನಕ್ಕೆ ತಕ್ಕ ವಿಷಯವಲ್ಲವೆಂಬ ಭಾವನೆ ವಿದ್ಯಾವಂತರಲ್ಲಿ ಸಾಮಾನ್ಯವಾಗಿದೆ. ಶಾಸ್ತ್ರೀಯ ಸಂಗೀತಕ್ಕೆ ಲಕ್ಷಣಗ್ರಂಥಗಳುಂಟು, ಗುರುಪರಂಪರೆಯುಂಟು, ವಿಮರ್ಶಕರುಂಟು. ಜನರ ಬಾಯಲ್ಲಿ ನಲಿದಾಡುವ ಹಾಡಿಗೆ ಇವಾವುವೂ ಇಲ್ಲ. ಅದನ್ನು ಜನ ಮೆಚ್ಚಿದರೆ ಗೆದ್ದಿತು, ಮೆಚ್ಚದಿದ್ದರೆ ಸೋತಿತು. ಅದಕ್ಕಿಂತ ಹೆಚ್ಚಾಗಿ ಹೇಳುವುದೇನಿದೆ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಆರಿಸಿಕೊಂಡಿರುವುದು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬೀಟಲ್ಸ್ ವಾದ್ಯಗೋಷ್ಠಿಯ ಮೊತ್ತಮೊದಲ ದೀರ್ಘ ಧ್ವನಿಮುದ್ರಿಕೆಯಾದ ‘ಪ್ಲೀಸ್ ಪ್ಲೀಸ್ ಮಿ’. ಇದು 1963ನೆಯ ಇಸವಿ ಮಾರ್ಚ್ 22ರಂದು ಪಾರ್ಲೊಫೋನ್ ಮುದ್ರೆಯಲ್ಲಿ ಹೊರಬಂದಿತು.

ಹಿನ್ನೆಲೆ

ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಎಂಬ ನಾಲ್ವರು ಈ ಗೋಷ್ಠಿಯವರು. ಧ್ವನಿಮುದ್ರಣದ ಕಾಲಕ್ಕೆ ಅವರಲ್ಲಿ ಹಿರಿಯರಿಗೆ 22 ವರ್ಷ, ಕಿರಿಯನಾದ ಹ್ಯಾರಿಸನ್ನನಿಗೆ 19. ಅಂದರೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ವಯಸ್ಸೇ. ಸ್ವರಲಿಪಿಯನ್ನು ಓದಬಲ್ಲವರು ಅವರಲ್ಲಿ ಯಾರೂ ಇರಲಿಲ್ಲ. ಆದರೆ ಅವರಿಗೆ ಬೇರೊಂದು ಬಗೆಯ ಶಿಕ್ಷಣ ದೊರಕಿತ್ತು. 1960ರಿಂದ 1962ರವರೆಗೆ ಜರ್ಮನಿಯ ಹ್ಯಾಂಬರ್ಗ್ ಬಂದರಿನ ಪಾನಗೃಹಗಳಲ್ಲಿ ಗೋಷ್ಠಿಯು ರಾತ್ರಿಯಿಡೀ ಗಂಟೆಗಟ್ಟಲೆ ನುಡಿಸಿತ್ತು. ಲಿವರ್‌ಪೂಲಿನ ಕ್ಯಾವರ್ನ್ ಎಂಬ ನೆಲಮಾಳಿಗೆಯ ಸಭಾಂಗಣದಲ್ಲಿ ಸುಮಾರು 300 ಸಲ ಕಾರ್ಯಕ್ರಮ ಕೊಟ್ಟ ಗೋಷ್ಠಿಯಿದು. ಹಾಡುತ್ತ ಹಾಡುತ್ತ ರಾಗ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಆದರೂ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1962ರ ಜನವರಿ 1ರಂದು ಲಂಡನ್ನಿನ ಡೆಕ್ಕಾ ಸಂಸ್ಥೆಯವರು ಇವರ 15 ಹಾಡುಗಳನ್ನು ಪರೀಕ್ಷಾರ್ಥವಾಗಿ ಮುದ್ರಿಸಿಕೊಂಡು, ಕೊನೆಗೆ ಬೇಡವೆಂದರು. ಆ 15ರಲ್ಲಿ ಸ್ವಂತ ರಚನೆಗಳು ಮೂರೇ ಮೂರು ಎಂಬುದನ್ನು ಗಮನಿಸಬೇಕು. ಹಾಡು ಕಟ್ಟುವವರು ಬೇರೆ, ಹಾಡುವವರು ಬೇರೆ ಎಂಬುದು ಆಗಿನ ಉದ್ಯಮದ ಪದ್ಧತಿ. ಅದೇ ವರ್ಷ ಇವರನ್ನು ಕೈಹಿಡಿದ ಪಾರ್ಲೊಫೋನಿನ ನಿರ್ದೇಶಕ ಜಾರ್ಜ್ ಮಾರ್ಟಿನ್ ಕೂಡ ಮೊದಲು ಈ ಪದ್ಧತಿಯನ್ನೇ ಅನುಸರಿಸಿ, ಮಿಚ್ ಮರ್ರೆ ಎಂಬ ರಚನಕಾರನ ಹಾಡೊಂದನ್ನು ಇವರ ಮುಂದಿಟ್ಟನು. ಹುಡುಗರು ಅದನ್ನು ಹಾಡಿಕೊಟ್ಟರು. ಆದರೆ ತಮ್ಮ ಸ್ವಂತ ಹಾಡೇ ಹೊರಬರಬೇಕೆಂದು ಪಟ್ಟುಹಿಡಿದರು. ಅದರ ಫಲವೇ 1962ರ ಅಕ್ಟೋಬರಿನಲ್ಲಿ ಬಂದ ‘ಲವ್ ಮಿ ಡೂ’. ಅದು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ 17ನೆಯ ಸ್ಥಾನದವರೆಗೆ ಮಾತ್ರ ಏರಿತು. ಅವರು ತೊರೆದ ಹಾಡು ಮತ್ತೊಂದು ಲಿವರ್‌ಪೂಲ್ ಗೋಷ್ಠಿಯ ಪಾಲಾಗಿ 1963ರಲ್ಲಿ ಮೊದಲನೆಯ ಸ್ಥಾನವನ್ನೇ ಪಡೆಯಿತು. ಲೌಕಿಕ ದೃಷ್ಟಿಯಿಂದ ನೋಡಿದರೆ ಇವರದು ನಷ್ಟದ ವ್ಯಾಪಾರವೇ ಸರಿ.

ಒಂದು ದಿನದ ಕೆಲಸ

1963ರ ಜನವರಿಯಲ್ಲಿ ಹೊರಬಂದ ‘ಪ್ಲೀಸ್ ಪ್ಲೀಸ್ ಮಿ’ ಎಂಬ ಬಿಡಿಹಾಡು ಜನಪ್ರಿಯವಾದೊಡನೆ, ಅದೇ ಹೆಸರಿನಲ್ಲಿ ದೀರ್ಘ ಮುದ್ರಿಕೆಯೊಂದನ್ನು ಬೇಗನೆ ತರಬೇಕೆಂದು ಮಾರ್ಟಿನ್ ನಿಶ್ಚಯಿಸಿದನು. ಅದಕ್ಕೆ ಬೇಕಾದುವು 14 ಹಾಡುಗಳು. ನಾಲ್ಕು ಆಗಲೇ ಬಿಡಿಯಾಗಿ ಬಂದಿದ್ದುವು. ಉಳಿದ ಹತ್ತನ್ನೂ ಲಂಡನ್ನಿನ ಅಬೆ ರೋಡಿನ ಧ್ವನಿಮುದ್ರಣಾಲಯದಲ್ಲಿ ಫೆಬ್ರವರಿ 11ರ ಒಂದೇ ದಿನ, ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತೂಮುಕ್ಕಾಲರ ಒಳಗೆ ಹಾಡಿ ಮುಗಿಸಿದರು. ಎರಡೇ ಜಾಡುಗಳ ಟೇಪಿನಲ್ಲಿ ಕೆಲಸ ನಡೆಯಬೇಕಾಗಿದ್ದುದರಿಂದ ನಾಲ್ವರೂ ಒಟ್ಟಿಗೆ ನುಡಿಸಬೇಕಾಗಿತ್ತು; ಒಬ್ಬನು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಲೆನನ್ನನಿಗೆ ಅಂದು ನೆಗಡಿ. ಗಂಟಲನ್ನು ಹರಿದುಹಾಕುವಂಥ ‘ಟ್ವಿಸ್ಟ್ ಅಂಡ್ ಶೌಟ್’ ಹಾಡನ್ನು ಆದುದರಿಂದಲೇ ಕಟ್ಟಕಡೆಗೆ ಇಟ್ಟುಕೊಂಡರು. ಮೊದಲನೆಯ ಸಲ ಹಾಡಿದ್ದೇ ಮುದ್ರಿಕೆಗೆ ನಿಂತಿತು. ಎರಡನೆಯ ಪ್ರಯತ್ನಕ್ಕೆ ಅವನಲ್ಲಿ ಧ್ವನಿಯೇ ಉಳಿದಿರಲಿಲ್ಲ.

ಇದನ್ನು ಕೆಲವರು ಪವಾಡದಂತೆ ವರ್ಣಿಸುವುದುಂಟು. ಅದು ಸರಿಯಲ್ಲ. ಮಾರ್ಟಿನ್ ಈ ಗೋಷ್ಠಿಯನ್ನು ಕ್ಯಾವರ್ನಿನಲ್ಲಿಯೇ ಮುದ್ರಿಸೋಣವೆಂದು ಒಮ್ಮೆ ಯೋಚಿಸಿದ್ದನು. ಅದು ಕೈಗೂಡದಿರಲು, ವೇದಿಕೆಯ ಮೇಲೆ ಚೆನ್ನಾಗಿ ಪಳಗಿದ್ದ ಹಾಡುಗಳನ್ನೇ ಬಹುಮಟ್ಟಿಗೆ ಆರಿಸಿದನು. ಒಂದು ದಿನದಲ್ಲಿ ನಡೆದದ್ದು ಮುದ್ರಣ ಮಾತ್ರ. ಸಿದ್ಧತೆಗೆ ವರ್ಷಗಳೇ ಹಿಡಿದಿದ್ದುವು.

ಹಾಡುಗಳ ಸ್ವರೂಪ

14 ಹಾಡುಗಳಲ್ಲಿ 8 ಲೆನನ್ ಮತ್ತು ಮೆಕಾರ್ಟ್ನಿಯವರ ಸ್ವಂತ ರಚನೆಗಳು. ಡೆಕ್ಕಾದಲ್ಲಿ 15ಕ್ಕೆ ಮೂರಿದ್ದುದು ಒಂದು ವರ್ಷದಲ್ಲಿ ಇಷ್ಟಾಯಿತು. ಉಳಿದ ಆರರಲ್ಲಿ ಐದು ಅಮೆರಿಕದ ಕರಿಯ ಜನಾಂಗದ ಗಾಯಕರಿಂದ ಕೇಳಿ ಕಲಿತವು: ಆರ್ಥರ್ ಅಲೆಗ್ಸಾಂಡರನ ‘ಅನ್ನ’, ಕುಕೀಸ್ ಗೋಷ್ಠಿಯ ‘ಚೇನ್ಸ್’, ಶಿರೆಲ್ಸ್ ಎಂಬ ಹೆಣ್ಣುಮಕ್ಕಳ ಗೋಷ್ಠಿಯ ‘ಬಾಯ್ಸ್’ ಮತ್ತು ‘ಬೇಬಿ ಇಟ್ಸ್ ಯು’, ಐಸ್ಲಿ ಸಹೋದರರ ‘ಟ್ವಿಸ್ಟ್ ಅಂಡ್ ಶೌಟ್’. ಈ ಗೋಷ್ಠಿಯ ಸ್ವಂತಿಕೆಯನ್ನು ಹೊಗಳುವಾಗ ಈ ಋಣವನ್ನು ಮರೆಯಬಾರದು. ಸ್ವಂತ ರಚನೆಗಳೂ ಪರರಿಂದ ಪಡೆದ ಹಾಡುಗಳೂ ಒಂದೇ ತಟ್ಟೆಯಲ್ಲಿ ಅಕ್ಕಪಕ್ಕದಲ್ಲಿರುವುದರಿಂದ, ಶಿಷ್ಯವೃತ್ತಿ ಎಲ್ಲಿಂದ ಎಲ್ಲಿಗೆ ಬಂದಿತೆಂಬುದನ್ನು ನಾವು ಕಿವಿಯಿಂದಲೇ ಅಳೆಯಬಹುದು.

ಎರಡು ದೇಶಗಳ ಸ್ವಾಗತ

ಬ್ರಿಟನ್ನಿನಲ್ಲಿ ಈ ಮುದ್ರಿಕೆ 1963ರ ಮೇ ತಿಂಗಳಲ್ಲಿ ಪಟ್ಟಿಯ ಶಿಖರವನ್ನು ಏರಿ 30 ವಾರ ಅಲ್ಲಿಯೇ ನಿಂತಿತು. ಅದನ್ನು ಕೆಳಗಿಳಿಸಿದ್ದೂ ಇದೇ ಗೋಷ್ಠಿಯ ಎರಡನೆಯ ಮುದ್ರಿಕೆಯೇ.

ಅಮೆರಿಕದ ಕಥೆ ಬೇರೆ. ಅಲ್ಲಿ ಪಾರ್ಲೊಫೋನಿನ ಸೋದರಸಂಸ್ಥೆಯಾಗಿದ್ದ ಕ್ಯಾಪಿಟಲ್ ಈ ಹಾಡುಗಳನ್ನು ನಿರಾಕರಿಸಿತು. ಕರಿಯ ದಂಪತಿಗಳು ಸ್ಥಾಪಿಸಿದ್ದ, ಷಿಕಾಗೋದ ವೀ-ಜೇ ಎಂಬ ಸಣ್ಣ ಸಂಸ್ಥೆ ಅವನ್ನು ತೆಗೆದುಕೊಂಡಿತು. 1963ರ ಆರಂಭದಲ್ಲಿ ಅದು ‘ಪ್ಲೀಸ್ ಪ್ಲೀಸ್ ಮಿ’ ಹಾಡನ್ನು ಮಾರಾಟಕ್ಕಿಟ್ಟಾಗ ಕೇಳುವವರಿರಲಿಲ್ಲ. ತಟ್ಟೆಯ ಮೇಲೆ ಗೋಷ್ಠಿಯ ಹೆಸರಿನ ಕಾಗುಣಿತವೂ ತಪ್ಪಾಗಿತ್ತು. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಆ ದೇಶಕ್ಕೆ ಹೋದರು; ಫೆಬ್ರವರಿ 9ರಂದು ಅವರ ದೂರದರ್ಶನ ಕಾರ್ಯಕ್ರಮವನ್ನು ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ಏಪ್ರಿಲ್ 4ರ ‘ಬಿಲ್‌ಬೋರ್ಡ್’ ಪತ್ರಿಕೆಯ ಪಟ್ಟಿಯಲ್ಲಿ ಮೊದಲ ಐದು ಸ್ಥಾನಗಳೂ ಅವರವೇ. ಅವುಗಳಲ್ಲಿ ಎರಡನೆಯದು ‘ಟ್ವಿಸ್ಟ್ ಅಂಡ್ ಶೌಟ್’, ಐದನೆಯದು ‘ಪ್ಲೀಸ್ ಪ್ಲೀಸ್ ಮಿ’.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. 1963ರಲ್ಲಿ ಅಮೆರಿಕದಲ್ಲಿ ಸೋತ ಹಾಡು ಮತ್ತು 1964ರಲ್ಲಿ ಗೆದ್ದ ಹಾಡು ಒಂದೇ, ಮುದ್ರಣವೂ ಅದೇ. ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಕೇಳುವವರ ಕುತೂಹಲ, ಪ್ರಚಾರದ ಬಲ, ಕಾಲ. ಹೀಗಿರುವಾಗ, ಜನ ಮೆಚ್ಚಿದರೆ ಗೆದ್ದಿತು, ಮೆಚ್ಚದಿದ್ದರೆ ಸೋತಿತು ಎಂಬ ಅಳತೆಗೋಲಿನಿಂದ ಆ ಹಾಡಿನ ಬೆಲೆಯನ್ನು ಹೇಗೆ ಕಟ್ಟುವುದು? ಮೊದಲ ವರ್ಷದ ತೀರ್ಪನ್ನು ನಂಬಿದರೆ ಅದು ನಿಕೃಷ್ಟ, ಎರಡನೆಯ ವರ್ಷದ್ದನ್ನು ನಂಬಿದರೆ ಉತ್ಕೃಷ್ಟ ಎನ್ನಬೇಕಾದೀತು. ಹಾಗೆಂದು ಸ್ವಾಗತದ ಚರಿತ್ರೆ ನಿರುಪಯೋಗಿಯೆಂದು ಅರ್ಥವಲ್ಲ. ಅದು ಕೇಳುಗರ ಕಾಲಮಾನವನ್ನು ತಿಳಿಸುತ್ತದೆ. ಹಾಡಿನ ಗುಣವನ್ನು ತಿಳಿಯಲು ಹಾಡನ್ನೇ ಕೇಳಬೇಕು. ಅದು ಯಾರಿಂದ ಏನನ್ನು ಕಲಿಯಿತು, ಕಲಿತುದಕ್ಕೆ ಏನನ್ನು ಸೇರಿಸಿತು, ಎಷ್ಟು ಶ್ರಮದಿಂದ ಕೈಗೂಡಿತು ಎಂದು ವಿಚಾರಿಸಬೇಕು. ಶಾಸ್ತ್ರೀಯ ಸಂಗೀತಕ್ಕೆ ನಾವು ಸಲ್ಲಿಸುವ ಈ ಮರ್ಯಾದೆಯನ್ನು ಲಘುಸಂಗೀತಕ್ಕೂ ಸಲ್ಲಿಸಿದರೆ ನಮ್ಮ ರಸಿಕತೆಗೆ ಕುಂದೇನೂ ಬಾರದು. ನಮ್ಮ ವಿದ್ಯಾರ್ಥಿ ಮಿತ್ರರು ತಮಗೆ ಪ್ರಿಯವಾದ ಯಾವುದಾದರೊಂದು ಹಾಡಿನ ವಿಷಯದಲ್ಲಿ ಈ ಕ್ರಮವನ್ನು ಅನುಸರಿಸಿ ನೋಡಬೇಕೆಂದು ವಿನಂತಿ.