ಹಳದಿಗಟ್ಟಿದ ಬಿಳಿಯ ಬಟ್ಟೆಗಳ ಶುದ್ಧೀಕರಣ

1923ರಲ್ಲಿ ಕೆಲಸವನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯ ಆಶ್ರಯದಲ್ಲಿ ಬೆಳೆದ ಭದ್ರಾವತಿಯ ನ್ಯೂ ಟೌನಿನಲ್ಲಿ ತುಕ್ಕಿನ ಕಲೆಯನ್ನು ಕಾಣದ ಗೃಹಿಣಿಯರು ವಿರಳ. ಹುಡುಗಿಯ ಬಿಳಿಯ ರವಿಕೆಯು ಹಳದಿಗಟ್ಟಿತೆಂದರೆ ನಾವು ಸಾಮಾನ್ಯವಾಗಿ ನೀಲಿಯನ್ನು ಹೆಚ್ಚಿಸುತ್ತೇವೆ. ಹಾಗೆ ಮಾಡಿ ಒಳ್ಳೆಯ ರವಿಕೆಯೊಂದನ್ನು ಬೂದಿಯ ಬಣ್ಣಕ್ಕೆ ತಿರುಗಿಸಿದ ಅನುಭವ ನಮಗೂ ಉಂಟು. ನೀಲಿಯು ಹಳದಿಯನ್ನು ಕಣ್ಣಿಗೆ ಮರೆಮಾಡುವುದೇ ಹೊರತು ತೆಗೆಯಲಾರದು. ಆದುದರಿಂದ ಮೊದಲು ಕಾರಣವನ್ನರಿತು, ಬಳಿಕ ಉಪಾಯವನ್ನು ಮಾಡತಕ್ಕದ್ದು.

ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು, ಮೈಯ ಜಿಡ್ಡು ನೂಲಿನಲ್ಲಿ ಉಳಿದು, ಬಟ್ಟೆಯು ಪೆಟ್ಟಿಗೆಯಲ್ಲಿರುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಹಳದಿಯಾಗುವುದು. ಎರಡನೆಯದು, ಗಡಸು ನೀರಿನ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ, ಕರಗದ ಜಿಗುಟಾಗಿ ಬಟ್ಟೆಗೆ ಅಂಟಿಕೊಳ್ಳುವುದು. ಮೂರನೆಯದು, ಬಕೆಟ್ಟು, ತಂತಿ, ಕೊಳಾಯಿಗಳಿಂದ ಹತ್ತುವ ತುಕ್ಕು.

ಮೊದಲಿನ ಎರಡಕ್ಕೆ ಹಿಂದಿನ ಮಡಿವಾಳರ ಕ್ರಮವೇ ದಾರಿ ತೋರಿಸುತ್ತದೆ. ಅವರು ಬಟ್ಟೆಯನ್ನು ಸವಳುಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕಿ, ಹಬೆಯಲ್ಲಿ ಬೇಯಿಸುತ್ತಿದ್ದರು. ಸವಳಿನ ಕ್ಷಾರವು ಮಾಡುತ್ತಿದ್ದ ಕೆಲಸವನ್ನು ಇಂದು ಒಗೆಯುವ ಸೋಡಾ ಮಾಡುತ್ತದೆ. ಒಂದು ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಸೋಡಾ ಕರಗಿಸಿ, ಹತ್ತಿಯ ಬಿಳಿಯ ಬಟ್ಟೆಯನ್ನು ರಾತ್ರಿಯೆಲ್ಲ ನೆನೆಯಿಡಬೇಕು. ಮರುದಿನ ಸಾಬೂನಿನಿಂದ ಒಗೆದು, ಅರ್ಧ ಗಂಟೆ ಕುದಿಸಿ, ನೀರು ತಿಳಿಯಾಗುವವರೆಗೂ ಜಾಲಿಸಿ, ಒದ್ದೆಯಿರುವಾಗಲೇ ಹುಲ್ಲಿನ ಮೇಲೆ ಬಿಸಿಲಿಗೆ ಹರಡಬೇಕು. ಒಂದು ಸಲಕ್ಕೆ ಗುಣ ಕಾಣದಿದ್ದರೆ ಇನ್ನೊಮ್ಮೆ ಮಾಡಬಹುದು. ರೇಷ್ಮೆ, ಉಣ್ಣೆಗಳಿಗೆ ಮಾತ್ರ ಇದು ಸಲ್ಲದು. ಕ್ಷಾರವು ಅವುಗಳ ಎಳೆಯನ್ನೇ ತಿನ್ನುವುದು.

ತುಕ್ಕಿನ ಕಲೆಗೆ ಸಾಬೂನಾಗಲಿ ಸೋಡಾ ಆಗಲಿ ನಾಟದು. ಕಲೆಯ ಮೇಲೆ ಉಪ್ಪನ್ನು ಉದುರಿಸಿ, ನಿಂಬೆಯ ರಸವನ್ನು ಹಿಂಡಿ, ಬಿಸಿಲಿನಲ್ಲಿಟ್ಟು, ಬಳಿಕ ಚೆನ್ನಾಗಿ ಜಾಲಿಸಬೇಕು. ನಿಂಬೆಯ ಹುಳಿಯು ತುಕ್ಕನ್ನು ಕರಗಿಸುವುದು. ಬ್ಲೀಚಿಂಗ್ ಪುಡಿಯಾದರೋ ಈ ಕಲೆಯನ್ನು ಇನ್ನಷ್ಟು ನೆಲೆಗೊಳಿಸುವುದು. ಮತ್ತೊಂದು ಮಾತನ್ನು ತಾಯಂದಿರು ಎಂದೂ ಮರೆಯಬಾರದು: ಬ್ಲೀಚಿಂಗ್ ಪುಡಿಗೆ ನಿಂಬೆರಸವೇ ಮೊದಲಾದ ಹುಳಿಯನ್ನು ಬೆರೆಸಿದರೆ ಕ್ಲೋರಿನ್ ಎಂಬ ವಿಷವಾಯುವು ಹೊರಡುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಾಪಾಯಕ್ಕೂ ಕಾರಣವಾದೀತು.

ನೀಲಿಯ ಸರದಿ ಕಟ್ಟಕಡೆಗೆ. ಸಾಬೂನು ಪೂರ್ತಿ ಹೋದ ಬಟ್ಟೆಯನ್ನು ತಣ್ಣೀರಿನಲ್ಲಿ ತೆಳುವಾಗಿ ಕಲಸಿದ ನೀಲಿಯಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಕು. ಹೀಗೆ ತಾಳ್ಮೆಯಿಂದ ನಡೆದುಕೊಂಡರೆ ಅಕ್ಕನು ತೊಟ್ಟ ರವಿಕೆಯನ್ನು ತಂಗಿಯೂ ಸಂಕೋಚವಿಲ್ಲದೆ ತೊಟ್ಟು ಶಾಲೆಗೆ ಹೋಗುವಳು. ಮನೆಯ ಹಣವೂ ಉಳಿಯುವುದು.